ಹಿಂದಿನ ಸದ್ದಿಗೆ ಕಿವಿಗೊಟ್ಟು: ಡ್ರಮ್ ಕೋರ್ ಸ್ಪರ್ಧೆಯನ್ನು ಕೇಳುವ ಬಗೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲಿ ಬೇಸಿಗೆ ಬಂತೆಂದರೆ, ಜೂನ್ ಕೊನೆಯಿಂದ ಆಗಸ್ಟ್ ಎರಡನೇ ವಾರದವರೆಗೆ, ಬಸ್ಸುಗಳಲ್ಲಿ ಊರೂರು ತಿರುಗುತ್ತ ಫುಟ್‌ಬಾಲ್ ಮೈದಾನಗಳಲ್ಲಿ ಸ್ಪರ್ಧೆಗಿಳಿಯುವ ಯುವಕ ಯುವತಿಯರ ತಂಡಗಳಿವೆ. ಅವುಗಳ ಹೆಸರು ಡ್ರಮ್ ಕೋರ್. ಹಿತ್ತಾಳೆಯ ಊದುವಾದ್ಯ, ತಾಳವಾದ್ಯ, ಬಾವುಟ ಹಿಡಿದ ಕಲರ್ ಗಾರ್ಡ್, ಇಷ್ಟೇ ಬಂಡವಾಳ. ಕೊಳಲು, ಕ್ಲಾರಿನೆಟ್, ಸ್ಯಾಕ್ಸೊಫೋನ್‌ಗಳಿಗೆ ಇಲ್ಲಿ ಪ್ರವೇಶವಿಲ್ಲ. ಒಂದು ತಂಡದಲ್ಲಿ ಹೆಚ್ಚೆಂದರೆ 165 ಮಂದಿ, ಎಲ್ಲರೂ 22 ದಾಟದವರು. ಪ್ರದರ್ಶನ ಎಂಟರಿಂದ ಹನ್ನೆರಡು ನಿಮಿಷ. ಅಷ್ಟು ಹೊತ್ತಿಗಾಗಿ ಮೇ ತಿಂಗಳಿಂದಲೇ ದಿನವಿಡೀ ಬಿಸಿಲಿನಲ್ಲಿ ತಾಲೀಮು, ರಾತ್ರಿ ಯಾವುದೋ ಶಾಲೆಯ ಜಿಮ್ ನೆಲದ ಮೇಲೆ ನಿದ್ದೆ.

ಮೊದಲ ಸಲ ನೋಡುವವರ ಕಣ್ಣು ಸಹಜವಾಗಿಯೇ ಆಕೃತಿಗಳ ಮೇಲೆ ಹೋಗುತ್ತದೆ. ವೃತ್ತ ಬಿಚ್ಚಿ ಓರೆಗೆರೆಯಾಗುತ್ತದೆ, ಓರೆಗೆರೆ ಒಡೆದು ಎರಡಾಗಿ ಒಂದರೊಳಗೊಂದು ಹಾದುಹೋಗುತ್ತದೆ. ಚೆಂದವೇ ಸರಿ. ಆದರೆ ಈ ಕಲೆಯ ನಿಜವಾದ ಕಷ್ಟ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಮಾತ್ರ ಸಿಗುತ್ತದೆ. ಅದು ಸದ್ದಿನ ವೇಗದ ಜೊತೆಗಿನ ಗುದ್ದಾಟ. ಅದು ಅರ್ಥವಾದರೆ ಪ್ರದರ್ಶನ ಬೇರೆಯೇ ಆಗಿ ಕೇಳಿಸುತ್ತದೆ.

ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೆನೆಸಿಕೊಳ್ಳಿ. ಬಟ್ಟೆ ಕಲ್ಲಿಗೆ ಬಡಿದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಅಮೆರಿಕನ್ ಫುಟ್‌ಬಾಲ್ ಮೈದಾನದ ಅಗಲ 160 ಅಡಿ, ಅಂದರೆ ಹತ್ತಿರ ಹತ್ತಿರ 49 ಮೀಟರ್. ಸೆಕೆಯ ಸಂಜೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 350 ಮೀಟರ್ ಓಡುತ್ತದೆ. ಹಿಂದಿನ ಗೆರೆಯಿಂದ ಮುಂದಿನ ಗೆರೆಗೆ ಬರಲು ಅದಕ್ಕೆ ಸೆಕೆಂಡಿನ ನೂರರಲ್ಲಿ ಹದಿನಾಲ್ಕು ಭಾಗ ಬೇಕು. ಇದೇನು ಮಹಾ ಎನ್ನಬಹುದು. ಆದರೆ ಇಲ್ಲಿ ನಿಮಿಷಕ್ಕೆ 180 ಬಡಿತದ ಕಾಲಪ್ರಮಾಣ ತೀರ ಮಾಮೂಲು. ಆ ವೇಗದಲ್ಲಿ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಇರುವುದು ಸೆಕೆಂಡಿನ ಮೂರನೇ ಒಂದು ಭಾಗ. ಒಂದು ಬಡಿತವನ್ನು ನಾಲ್ಕು ಮಾತ್ರೆಯಾಗಿ ಒಡೆಯುವ ಚತುರಶ್ರ ನಡೆಯ ಲೆಕ್ಕದಲ್ಲಿ ಹೇಳುವುದಾದರೆ, ಮೂವತ್ತು ಮೀಟರ್ ಹಿಂದೆ ನಿಂತು ಬಾರಿಸಿದವನ ಪೆಟ್ಟು ಮುಂದಿರುವವರ ಕಿವಿಗೆ ಒಂದು ಇಡೀ ಮಾತ್ರೆ ತಡವಾಗಿ ಬರುತ್ತದೆ.

ಈಗ ಮೈದಾನದ ವ್ಯವಸ್ಥೆ ನೋಡಿ. ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ಮರಿಂಬಾ ಮತ್ತು ವೈಬ್ರಫೋನ್, ಟಿಂಪನಿ ಎಂಬ ದೊಡ್ಡ ನಗಾರಿ, ಸಿಂಥಸೈಸರ್ ಇರುವ ಭಾಗ ಮುಂದಿನ ಗೆರೆಯ ಹತ್ತಿರ ಕದಲದೆ ನಿಂತಿರುತ್ತದೆ. ಅದಕ್ಕೆ ಪಿಟ್ ಎನ್ನುತ್ತಾರೆ. ಹೊತ್ತು ನಡೆಯುವ ಡ್ರಮ್ಮುಗಳ ದಂಡಿಗೆ ಬ್ಯಾಟರಿ ಎಂದು ಹೆಸರು. ಅದು ಮೈದಾನದ ತುಂಬ ಓಡಾಡುತ್ತ ಹೆಚ್ಚು ಹೊತ್ತು ಹಿಂಭಾಗದಲ್ಲೇ ಇರುತ್ತದೆ. ಮುಂದೆ ನಿಂತು ಕೈಯಾಡಿಸಿ ತಾಳ ತೋರಿಸುವವನು ಡ್ರಮ್ ಮೇಜರ್. ಎಲ್ಲರೂ ಅವನ ಕೈ ನೋಡಿಯೇ ಬಾರಿಸಿದರೆ ಏನಾಗುತ್ತದೆ? ಮೇಲೆ ಕುಳಿತ ತೀರ್ಪುಗಾರನಿಗೆ ಪಿಟ್ ಮೊದಲು, ಬ್ಯಾಟರಿ ಆಮೇಲೆ ಕೇಳಿಸುತ್ತದೆ. ಲಯ ಹರಿದುಹೋಗುತ್ತದೆ. ಅದಕ್ಕೇ ಪಿಟ್‌ನವರು ಡ್ರಮ್ ಮೇಜರ್‌ನ ಕೈಯನ್ನು ನೆಚ್ಚುವುದಿಲ್ಲ. ಬೆನ್ನ ಹಿಂದಿನಿಂದ ಬರುವ, ಸ್ನೇರ್ ಎಂಬ ಚುರುಕು ಸದ್ದಿನ ಡ್ರಮ್ಮಿನ ಪೆಟ್ಟು ತಮ್ಮ ಕಿವಿಗೆ ತಾಕಿದ ಗಳಿಗೆಯಲ್ಲೇ ಕೋಲು ಇಳಿಸುತ್ತಾರೆ. ಆಗ ಎರಡೂ ಸದ್ದು ಜೊತೆಯಾಗಿ ಮೇಲೇರುತ್ತವೆ. ಡ್ರಮ್ ಮೇಜರ್ ಕೂಡ ಕಾಲಪ್ರಮಾಣವನ್ನು ತನ್ನ ಕಿವಿಯಿಂದ ತೆಗೆದುಕೊಳ್ಳುವುದಿಲ್ಲ, ಬ್ಯಾಟರಿಯ ನಡುವೆ ನಿಂತ ಸ್ನೇರ್ ವಾದಕನ ಪಾದದಿಂದ ತೆಗೆದುಕೊಳ್ಳುತ್ತಾನೆ. ಕಾಣುವುದಕ್ಕೆ ತಡವಿಲ್ಲವಲ್ಲ.

ಊದುವವರ ಪಾಡು ಇನ್ನೂ ಕಠಿಣ. ಬ್ಯಾಟರಿಗಿಂತ ಮುಂದೆ ಇದ್ದಾಗ ಹಿಂದಿನದನ್ನು ಕೇಳಿ ಊದಬೇಕು. ಬ್ಯಾಟರಿಗಿಂತ ಹಿಂದೆ ಸರಿದ ಕೂಡಲೇ ಕಿವಿ ಮುಚ್ಚಿಕೊಂಡಂತೆ, ಡ್ರಮ್ ಮೇಜರ್‌ನ ಕೈಯನ್ನೂ ತಮ್ಮ ಪಾದವನ್ನೂ ನಂಬಿ ಊದಬೇಕು. ಸಾಲಿನ ಎರಡು ತುದಿಗಳಲ್ಲಿ ಇರುವವರು ನಡುವಿನ ಸದ್ದಿಗೆ ಕಾದರೆ ಕೆಟ್ಟರು. ಒಂದೇ ಪ್ರದರ್ಶನದಲ್ಲಿ ಒಬ್ಬನೇ ಟ್ರಂಪೆಟ್ ವಾದಕ ಈ ಹೊಣೆಗಳ ನಡುವೆ ಹತ್ತಾರು ಸಲ ಅದಲುಬದಲಾಗುತ್ತಾನೆ. ಋತುವಿನ ಮೊದಲ ವಾರಗಳಲ್ಲಿ ಲಯ ಒಡೆದರೆ ಅದು ಬಹುಪಾಲು ಈ ಅದಲುಬದಲಿನ ಜಾಗದಲ್ಲೇ. ಕೈ ಬೆರಳಿನ ತಪ್ಪು ಅಪರೂಪ.

ಹೆಜ್ಜೆಯ ಲೆಕ್ಕ ಹೀಗಿದೆ. ಮೈದಾನದಲ್ಲಿ ಐದು ಗಜಕ್ಕೊಂದು ಬಿಳಿ ಗೆರೆ. ಆ ಐದು ಗಜವನ್ನು ಎಂಟು ಹೆಜ್ಜೆಯಲ್ಲಿ ದಾಟುವುದು ಮೂಲ ಅಳತೆ, ಒಂದು ಹೆಜ್ಜೆಗೆ ಇಪ್ಪತ್ತೆರಡೂವರೆ ಅಂಗುಲ. ಆದರೆ ಈಗಿನ ತಂಡಗಳು ಅಲ್ಲಿಗೆ ನಿಲ್ಲುವುದಿಲ್ಲ. ಅದೇ ಐದು ಗಜವನ್ನು ಐದೇ ಹೆಜ್ಜೆಯಲ್ಲಿ, 180ರ ವೇಗದಲ್ಲಿ ದಾಟುವ ಜಾಗಗಳಿವೆ. ಗಂಟೆಗೆ ಹತ್ತು ಕಿಲೋಮೀಟರ್ ಆಯಿತು, ಅಂದರೆ ಓಟ! ಎದೆ ಮಾತ್ರ ಪ್ರೇಕ್ಷಕರ ಕಡೆಗೇ ತಿರುಗಿರಬೇಕು, ತುಟಿಯ ಮೇಲಿನ ಮೌತ್‌ಪೀಸ್ ಅಲುಗಬಾರದು. ಅದಕ್ಕಾಗಿ ಮುಂದೆ ನಡೆಯುವಾಗ ಹಿಮ್ಮಡಿ ಮೊದಲು ಊರಿ ಪಾದವನ್ನು ಉರುಳಿಸುತ್ತಾರೆ, ಹಿಂದೆ ನಡೆಯುವಾಗ ಮುಂಗಾಲ ಮೇಲೇ ಇರುತ್ತಾರೆ. ಹಿಮ್ಮಡಿ ಧೊಪ್ಪನೆ ಬಿದ್ದರೆ ಉದ್ದನೆಯ ಸ್ವರದಲ್ಲಿ ಪ್ರತಿ ಹೆಜ್ಜೆಗೂ ಒಂದು ಕುಲುಕು ಕೇಳಿಸುತ್ತದೆ. ಟ್ಯೂಬಾ ಎಂಬ ಮಂದ್ರದ ದೊಡ್ಡ ಹಿತ್ತಾಳೆ ವಾದ್ಯ ಹೊತ್ತವರು ಹದಿಮೂರು ಹದಿನಾಲ್ಕು ಕಿಲೋ ತೂಕವನ್ನು ಒಂದೇ ಹೆಗಲ ಮೇಲಿಟ್ಟುಕೊಂಡು ಇದನ್ನೆಲ್ಲ ಮಾಡುತ್ತಾರೆ. ಅವರಿಗೊಂದು ಚಪ್ಪಾಳೆ ಹೆಚ್ಚು ಹೊಡೆದರೂ ತಪ್ಪಿಲ್ಲ.

ಪ್ರತಿಯೊಬ್ಬರ ಬಳಿಯೂ ಒಂದು ಪುಟ್ಟ ಪುಸ್ತಕ ಇರುತ್ತದೆ. ಪ್ರತಿ ಆಕೃತಿಯಲ್ಲೂ ತನ್ನ ಜಾಗ ಎಲ್ಲಿ, ಯಾವ ಗೆರೆಯಿಂದ ಎಷ್ಟು ಹೆಜ್ಜೆ, ಎಷ್ಟು ಎಣಿಕೆಯಲ್ಲಿ ಅಲ್ಲಿಗೆ ಸೇರಬೇಕು ಎಂಬ ಲೆಕ್ಕ ಅದರಲ್ಲಿ. ಆ ಜಾಗಕ್ಕೆ ಡಾಟ್ ಎನ್ನುತ್ತಾರೆ. ಒಬ್ಬ ಅರ್ಧ ಹೆಜ್ಜೆ ತಪ್ಪಿದರೆ ಪಕ್ಕದವರು ತಮ್ಮ ಡಾಟ್ ಬಿಟ್ಟು ಆಕೃತಿಯನ್ನು ಉಳಿಸಬೇಕೋ, ಡಾಟ್ ಹಿಡಿದು ಆಕೃತಿಯನ್ನು ಬಿಡಬೇಕೋ? ಪ್ರದರ್ಶನದ ಹೊತ್ತಿನಲ್ಲಿ ಆಕೃತಿಯೇ ದೊಡ್ಡದು. ತಾಲೀಮಿನಲ್ಲಿ ಡಾಟ್ ದೊಡ್ಡದು. ಎರಡನ್ನೂ ಬೆರೆಸಿದ ತಂಡದ ಓರೆಗೆರೆ ಜುಲೈ ತಿಂಗಳಲ್ಲೂ ಅಂಕುಡೊಂಕಾಗಿಯೇ ಇರುತ್ತದೆ.

ಇನ್ನು ಬ್ಯಾಟರಿ. ಒಂಬತ್ತೋ ಹತ್ತೋ ಸ್ನೇರ್, ನಾಲ್ಕೈದು ಟೆನರ್ (ಒಬ್ಬರೇ ಹೊರುವ ಹಲವು ಡ್ರಮ್ಮುಗಳ ಗೊಂಚಲು), ಐದು ಬೇಸ್ ಡ್ರಮ್. ಸ್ನೇರ್ ಮೇಲಿನ ಹೊದಿಕೆ ಕೆವ್ಲಾರ್ ನಾರಿನದು, ಕಲ್ಲಿನಂತೆ ಬಿಗಿದಿರುತ್ತದೆ. ಸದ್ದು ಚುರುಕಾಗಿ ಹುಟ್ಟಿ ಅಲ್ಲೇ ನಿಲ್ಲುವುದರಿಂದ ಕಳ್ಳತನಕ್ಕೆ ಅವಕಾಶವಿಲ್ಲ. ಒಂಬತ್ತು ಜನರಲ್ಲಿ ಒಬ್ಬ ಕೂದಲೆಳೆಯಷ್ಟು ತಡ ಮಾಡಿದರೂ ಇಡೀ ಸಾಲು ಕೊಳಕಾಗಿ ಕೇಳುತ್ತದೆ. ಬೇಸ್ ಡ್ರಮ್ಮುಗಳ ಆಟ ಇನ್ನೂ ಸೊಗಸು. ಒಂದೇ ಓಟದ ನುಡಿಕಾರವನ್ನು ಐದು ಜನ ಹಂಚಿಕೊಂಡು, ಒಬ್ಬೊಬ್ಬರು ಒಂದೊಂದೇ ಪೆಟ್ಟು ಹಾಕುತ್ತಾರೆ. 180ರಲ್ಲಿ ಒಂದು ಪೆಟ್ಟಿಗೂ ಮುಂದಿನದಕ್ಕೂ ಸೆಕೆಂಡಿನ ಹನ್ನೆರಡನೇ ಒಂದು ಭಾಗದ ಅಂತರ. ಪಕ್ಕದವನ ಪೆಟ್ಟು ಕೇಳಿ ಹೊಡೆಯುವೆನೆಂದರೆ ತಡವಾಯಿತು. ಐವರೂ ಪೂರ್ತಿ ನುಡಿಕಾರವನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ತನ್ನ ಪಾಲು ಬಂದಾಗ ಮಾತ್ರ ಕೈ ಇಳಿಸಬೇಕು.

ಸೆಕೆಯ ತಂಟೆ ಬೇರೆ. ಗಾಳಿ ಕಾದಂತೆ ಹಿತ್ತಾಳೆ ವಾದ್ಯಗಳ ಶ್ರುತಿ ಏರುತ್ತದೆ. ಸಿಂಥಸೈಸರ್ ಮಾತ್ರ ಇದ್ದಲ್ಲೇ ಇರುತ್ತದೆ. ಮಧ್ಯಾಹ್ನದ ತಾಲೀಮಿನಲ್ಲಿ ಕೂಡಿಸಿದ ಶ್ರುತಿ ರಾತ್ರಿ ಹತ್ತಕ್ಕೆ ಮೈದಾನಕ್ಕಿಳಿದಾಗ ಕೂಡುವುದಿಲ್ಲ. ಆದ್ದರಿಂದ ಒಳಗೆ ಹೋಗುವ ಮುನ್ನ ಇನ್ನೊಮ್ಮೆ ಕೊಳವೆ ಎಳೆದು ಕೂಡಿಸುತ್ತಾರೆ. ಮರಿಂಬಾಕ್ಕೆ ಬೀಟೆ ಜಾತಿಯ ಮರದ ಪಟ್ಟಿ ಹಾಕಿದರೆ ಈ ಬಿಸಿಲು ಮಳೆಗೆ ಉಳಿಯುವುದಿಲ್ಲ. ಹೊರಾಂಗಣಕ್ಕೆ ಕೃತಕ ಪಟ್ಟಿಗಳೇ ಗತಿ, ನಾದ ಸ್ವಲ್ಪ ಒರಟಾದರೂ ಸರಿ.

ಸಿಂಥಸೈಸರ್ ಮಾತು ಬಂತು, ಒಂದಿಷ್ಟು ಜಗಳವೂ ಇರಲಿ. ಈ ತಂಡಗಳ ಬೇರು ಮೊದಲ ಮಹಾಯುದ್ಧದ ನಂತರ ಅಲ್ಲಿನ ನಿವೃತ್ತ ಸೈನಿಕರ ಸಂಘಗಳಲ್ಲಿದೆ. ಬ್ಯೂಗಲ್ ಮತ್ತು ಡ್ರಮ್ಮು, ಅಷ್ಟೇ. 1972ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಸಂಸ್ಥೆಯ ಮೊದಲ ಚಾಂಪಿಯನ್‌ಷಿಪ್ ನಡೆದು ಅನಾಹೈಮ್ ಕಿಂಗ್ಸ್‌ಮೆನ್ ತಂಡ ಗೆದ್ದಿತು. ಜಿ ಶ್ರುತಿಯ ಬ್ಯೂಗಲ್ಲೇ ಆಗಬೇಕೆಂಬ ಕಟ್ಟು 2000ದಲ್ಲಿ ಸಡಿಲವಾಯಿತು. 2004ರಲ್ಲಿ ಮೈಕಿಗೆ, 2009ರಲ್ಲಿ ಎಲೆಕ್ಟ್ರಾನಿಕ್ ವಾದ್ಯಗಳಿಗೆ ಒಪ್ಪಿಗೆ ಸಿಕ್ಕಿತು. ಮೈಕು ಬಂದದ್ದು ಒಳ್ಳೆಯದೇ ಆಯಿತು. ಅದಕ್ಕೆ ಮುಂಚೆ ಮರಿಂಬಾದವರು ಪ್ರೇಕ್ಷಕರ ಹಿಂದಿನ ಸಾಲಿಗೆ ಕೇಳಲೆಂದು ಗಟ್ಟಿ ಕೋಲಿನಲ್ಲಿ ಚಚ್ಚಬೇಕಿತ್ತು, ಈಗ ನಾದ ನೋಡಿಕೊಂಡು ನುಡಿಸುತ್ತಾರೆ. ಆದರೆ ಟ್ಯೂಬಾ ಸಾಲಿನ ಅಡಿಗೆ ಸಿಂಥಸೈಸರ್‌ನ ಮಂದ್ರವನ್ನು ಗುಂಯ್ ಎಂದು ಸುರಿಯುವ ಚಟ ಸಹಿಸಲಾಗದ್ದು. ಹದಿನಾರು ಜನ ಉಸಿರು ಕಟ್ಟಿ ಕಟ್ಟಿದ ನಾದವನ್ನು ಒಂದು ಸ್ಪೀಕರ್ ನುಂಗಿಹಾಕುತ್ತದೆ.

ಎಲೆಕ್ಟ್ರಾನಿಕ್ಸ್ ಜಾಣತನದಿಂದ ಬಳಕೆಯಾದದ್ದೂ ಉಂಟು. ಒಹಾಯೋದ ಕ್ಯಾಂಟನ್ ಊರಿನ ಬ್ಲೂಕೋಟ್ಸ್ ತಂಡದ 2014ರ ‘ಟಿಲ್ಟ್’ ಪ್ರದರ್ಶನದಲ್ಲಿ ಇಡೀ ಹಿತ್ತಾಳೆ ಸಾಲು ಸಿಂಥಸೈಸರ್ ಜೊತೆಗೂಡಿ ಸ್ವರವನ್ನು ಜಾರಿಸಿತು. ಜಾರು ಗಮಕ ಕೇಳಿ ಬೆಳೆದ ನಮ್ಮ ಕಿವಿಗೆ ಅದು ಹೊಸದಲ್ಲ. ವಾಲ್ವ್ ಒತ್ತಿ ಸ್ವರ ಹಿಡಿಯುವ ವಾದ್ಯಗಳಲ್ಲಿ, ಅಷ್ಟೊಂದು ಜನ ಒಂದೇ ದರದಲ್ಲಿ ಜಾರುವುದು ಮಾತ್ರ ಅಚ್ಚರಿಯೇ. ಹೆಸರಿಗೆ ತಕ್ಕಂತೆ ಶ್ರುತಿಯೇ ವಾಲಿತು. ಗೆದ್ದದ್ದು ಅದಲ್ಲ. ಆ ವರ್ಷ ಕ್ಯಾಲಿಫೋರ್ನಿಯಾದ ಬ್ಲೂ ಡೆವಿಲ್ಸ್ 99.65 ಅಂಕ ಪಡೆದು ದಾಖಲೆ ಬರೆಯಿತು. ಆದರೂ ಅಭಿಮಾನಿಗಳು ಮತ್ತೆ ಮತ್ತೆ ಕೇಳುವುದು ‘ಟಿಲ್ಟ್’ನ ಕೊನೆಯನ್ನು. ಬ್ಲೂಕೋಟ್ಸ್‌ಗೆ ಮೊದಲ ಕಿರೀಟ ಬಂದದ್ದು 2016ರಲ್ಲಿ, ಮೈದಾನದ ಮೇಲೆ ಬಿಳಿ ಇಳಿಜಾರುಗಳನ್ನಿಟ್ಟು ಅವುಗಳ ಮೇಲೆ ಹತ್ತಿ ಜಾರಿದ ಪ್ರದರ್ಶನಕ್ಕೆ.

ಅಂಕ ಹಂಚುವ ಬಗೆಯನ್ನೂ ತಿಳಿದಿರಬೇಕು. ಒಟ್ಟು ನೂರು. ಅದರಲ್ಲಿ ನಲವತ್ತು ಒಟ್ಟಾರೆ ಪರಿಣಾಮಕ್ಕೆ. ದೃಶ್ಯಕ್ಕೆ ಮೂವತ್ತು, ಸಂಗೀತಕ್ಕೆ ಮೂವತ್ತು. ಸಂಗೀತದಲ್ಲಿ ಹಿತ್ತಾಳೆ, ತಾಳವಾದ್ಯ, ಸಮಗ್ರ ವಿಶ್ಲೇಷಣೆ ಎಂದು ಮೂರು ಭಾಗ. ಒಂದೊಂದಕ್ಕೂ ಇಪ್ಪತ್ತು ಅಂಕ, ಕೂಡಿಸಿದ ಅರವತ್ತನ್ನು ಅರ್ಧ ಮಾಡುತ್ತಾರೆ. ದೃಶ್ಯಕ್ಕೂ ಇದೇ ಕ್ರಮ, ಕಲರ್ ಗಾರ್ಡ್ ಸೇರುವುದು ಅಲ್ಲಿಗೆ. 1980ರ ದಶಕದ ಆರಂಭದವರೆಗೆ ಬೇರೆ ಪದ್ಧತಿ ಇತ್ತು, ತಪ್ಪಿಗೊಂದು ಗೀಟು, ಗೀಟಿಗೆ ಹತ್ತನೇ ಒಂದು ಅಂಕ ಕಡಿತ. ಆಗ ಕಷ್ಟದ್ದಕ್ಕೆ ಕೈ ಹಾಕುವುದಕ್ಕಿಂತ ಸುಲಭದ್ದನ್ನು ಚೊಕ್ಕವಾಗಿ ಮಾಡುವುದೇ ಲಾಭ. ಈಗ ಏನನ್ನು ಮಾಡಹೊರಟರು ಎಂಬುದಕ್ಕೂ, ಎಷ್ಟನ್ನು ಸಾಧಿಸಿದರು ಎಂಬುದಕ್ಕೂ ಬೇರೆ ಬೇರೆ ಬೆಲೆ ಇದೆ.

ಸರಾಸರಿ ಮಾಡಿ ಅರ್ಧಕ್ಕಿಳಿಸುವುದರಿಂದ ಅಂತರಗಳು ವಿಪರೀತ ಸಣ್ಣದಾಗುತ್ತವೆ. 2008ರ ಫೈನಲ್‌ನಲ್ಲಿ ಇಲಿನಾಯ್‌ನ ಫ್ಯಾಂಟಮ್ ರೆಜಿಮೆಂಟ್, ಸ್ಪಾರ್ಟಕಸ್ ಎಂಬ ಗುಲಾಮನ ದಂಗೆಯ ಕಥೆಯನ್ನು ಆಡಿ 98.125 ಪಡೆಯಿತು. ಬ್ಲೂ ಡೆವಿಲ್ಸ್‌ಗೆ 98.100. ಅಷ್ಟೇ ಅಂತರಕ್ಕೆ ಕಿರೀಟ ಕೈ ಬದಲಾಯಿಸಿತು. 1996, 1999, 2000 ಈ ಮೂರು ವರ್ಷ ಎರಡೆರಡು ತಂಡಗಳು ಸಮಸಮವಾಗಿ ಕಿರೀಟ ಹಂಚಿಕೊಂಡವು.

ಸಾಂತಾ ಕ್ಲಾರಾ ವ್ಯಾನ್‌ಗಾರ್ಡ್ ಮತ್ತು ಕಾಂಕರ್ಡ್‌ನ ಬ್ಲೂ ಡೆವಿಲ್ಸ್, ಈ ಎರಡು ಹಳೆಯ ಎದುರಾಳಿಗಳ ಊರು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲೇ ಇದೆ. ನಮ್ಮ ಕನ್ನಡಿಗರು ಅಷ್ಟೊಂದು ಜನ ಅಲ್ಲೇ ಇದ್ದಾರೆ, ಹೋಗಿ ನೋಡಬಹುದು. ಟಿಕೆಟ್ ಕೊಳ್ಳುವಾಗ ಕೆಳಗಿನ ಮೊದಲ ಸಾಲುಗಳಿಗೆ ಮನಸೋಲಬೇಡಿ. ಅಲ್ಲಿ ಪಿಟ್‌ನ ಸ್ಪೀಕರ್‌ಗಳ ಅಬ್ಬರ ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ, ಆಕೃತಿಯೂ ಕಾಣದು. ಎರಡು 40 ಗಜದ ಗೆರೆಗಳ ನಡುವೆ, ಅಂದರೆ ಮೈದಾನದ ನಡುಭಾಗಕ್ಕೆ ಎದುರಾಗಿ, ಆದಷ್ಟು ಎತ್ತರದಲ್ಲಿ ಕುಳಿತುಕೊಳ್ಳಿ. ತೀರ್ಪುಗಾರರು ಇರುವುದೂ ಆ ಕಡೆಯೇ. 2009ರಿಂದ ಫೈನಲ್ ನಡೆಯುತ್ತ ಬಂದ ಇಂಡಿಯಾನಾಪೊಲಿಸ್‌ನ ಲ್ಯೂಕಾಸ್ ಆಯಿಲ್ ಕ್ರೀಡಾಂಗಣಕ್ಕೆ ಚಾವಣಿ ಇದೆ. ಎದುರು ಗೋಡೆಯಿಂದ ಸದ್ದು ಮರಳಿ ಬಂದು ಪಿಟ್‌ನವರ ಕಿವಿಯನ್ನು ದಾರಿ ತಪ್ಪಿಸುತ್ತದೆ. ಬಯಲಿನಲ್ಲಿ ಚೊಕ್ಕವಾಗಿದ್ದ ತಂಡಗಳೂ ಅಲ್ಲಿ ಮೊದಲ ದಿನ ತಡಬಡಾಯಿಸುವುದು ಅದಕ್ಕೇ.

ಸಾಧ್ಯವಾದರೆ ಒಂದೂವರೆ ಗಂಟೆ ಮುಂಚೆ ಹೋಗಿ ಹೊರಗಿನ ವಾಹನ ನಿಲ್ದಾಣದಲ್ಲಿ ಬ್ಯಾಟರಿಯ ಅಭ್ಯಾಸ ನೋಡಿ. ಬಲಗೈಗೆ ಎಂಟು ಪೆಟ್ಟು, ಎಡಗೈಗೆ ಎಂಟು, ಅಷ್ಟೇ ಸರಳ ಪಾಠ. ಕೋಲುಗಳ ತುದಿ ಒಂದೇ ಎತ್ತರಕ್ಕೆ ಏಳುತ್ತಿದೆಯೇ ನೋಡಿ. ಮೂರು ಅಂಗುಲ, ಆರು, ಒಂಬತ್ತು, ಹನ್ನೆರಡು ಎಂದು ಮಟ್ಟ ಗೊತ್ತು ಮಾಡಿರುತ್ತಾರೆ. ಕೈ ಬದಲಾಗುವ ಒಂಬತ್ತನೇ ಪೆಟ್ಟಿನಲ್ಲಿ ಎತ್ತರ ಕುಗ್ಗಿದರೆ, ಅದೇ ಕುಗ್ಗು ಒಳಗೆ ಮೈದಾನದಲ್ಲೂ ಕೇಳುತ್ತದೆ.

ನಮಸ್ಕಾರ.