ಮುನ್ಸಿಯಾರಿಗೆ ಹೋದರೆ ನಡೆಯಿರಿ

ಕೇಳುಗರೇ, ನಮಸ್ಕಾರ.

ಹಿಮಾಲಯದ ಯಾವುದಾದರೂ ಒಂದು ಊರಿನ ಬಗ್ಗೆ ಮಾತಾಡಿ, ಅಲ್ಲಿ ಮರೆಯಲಾಗದ್ದು ಏನು ಅಂತ ಹೇಳಿ ಎಂದು ರೇಡಿಯೋ ನಿಲಯದವರು ಕರೆದಿದ್ದಾರೆ. ನಾನು ಭೂಗೋಳದ ಮೇಷ್ಟ್ರು. ವಿದ್ಯಾರ್ಥಿಗಳನ್ನೂ ಅವರ ಮನೆಯವರನ್ನೂ ಕಟ್ಟಿಕೊಂಡು ಬೆಟ್ಟದ ಊರುಗಳಿಗೆ ಹೋಗಿಬರುವುದು ನನಗೆ ಅಭ್ಯಾಸ. ಅವುಗಳಲ್ಲಿ ಇವತ್ತು ಮುನ್ಸಿಯಾರಿಯನ್ನು ಆರಿಸಿಕೊಂಡಿದ್ದೇನೆ. ಉತ್ತರಾಖಂಡದ ಪಿಥೋರಾಗಢ ಜಿಲ್ಲೆಯ ಊರು, ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರ, ಕೆಳಗೆ ಗೋರಿ ಗಂಗಾ ನದಿ, ಎದುರಿಗೆ ಪಂಚಚೂಲಿ ಅನ್ನುವ ಐದು ಹಿಮಶಿಖರ.

ಈಗ ಅಡುಗೆಮನೆಯಲ್ಲೋ ಬಸ್ಸಿನಲ್ಲೋ ಈ ಮಾತು ಕೇಳುತ್ತಾ ಮುಂದಿನ ರಜೆಗೆ ಬೆಟ್ಟದ ಕಡೆ ಹೋಗೋಣ ಅಂತ ಲೆಕ್ಕ ಹಾಕುತ್ತಿರುವವರು ಇದ್ದೀರಲ್ಲ, ನನ್ನ ಮಾತು ನಿಮಗೇ. ಹೇಳುವುದು ಒಂದೇ. ಒಂದು ಊರು ಹಿಡಿಯಿರಿ. ಅಲ್ಲೇ ಉಳಿಯಿರಿ. ಆ ಊರಲ್ಲಿ ಕಾಲಿನ ಮೇಲೆ ನಡೆಯಿರಿ.

ಇದನ್ನು ಹೇಳಿದರೆ ಜನ ತಲೆ ಆಡಿಸುತ್ತಾರೆ, ಆಮೇಲೆ ಒಂದು ವಾರದಲ್ಲಿ ನೈನಿತಾಲ್, ಕೌಸಾನಿ, ಚೌಕೋಡಿ, ಮುನ್ಸಿಯಾರಿ, ಬಿನ್ಸರ್ ಎಲ್ಲವನ್ನೂ ತುರುಕಿದ ಪಟ್ಟಿ ತಂದು ತೋರಿಸಿ, ಸಾರ್ ಇದು ಸರಿ ಇದೆಯಾ ಅಂತ ಕೇಳುತ್ತಾರೆ. ಸರಿ ಇಲ್ಲ! ರೈಲು ಕಾಠಗೋದಾಮಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುನ್ಸಿಯಾರಿಗೆ ಬೆಟ್ಟದ ರಸ್ತೆಯಲ್ಲಿ ಇಡೀ ಒಂದು ದಿನ ಬೇಕು. ಅಷ್ಟು ಕಷ್ಟಪಟ್ಟು ಹೋಗಿ, ಸಂಜೆ ಇಳಿದು, ಬೆಳಿಗ್ಗೆ ಒಂದು ಫೋಟೋ ತೆಗೆದು ಮತ್ತೆ ಗಾಡಿ ಹತ್ತಿದರೆ ನೀವು ನೋಡಿದ್ದು ರಸ್ತೆಯನ್ನು ಮಾತ್ರ. ಊರನ್ನಲ್ಲ.

ಪಂಚಚೂಲಿಯನ್ನೇ ನೋಡಿ. ಹಿಮಶಿಖರ ಅಂದ ಕೂಡಲೇ ಎಲ್ಲರೂ ಬೆಳಗಿನ ಜಾವಕ್ಕೆ ಅಲಾರಂ ಇಟ್ಟುಕೊಳ್ಳುತ್ತಾರೆ. ಮುನ್ಸಿಯಾರಿಯಲ್ಲಿ ದೊಡ್ಡ ನೋಟ ಇರುವುದು ಸಂಜೆ. ಯಾಕೆ ಅಂದರೆ ಶಿಖರಗಳು ಊರಿಗೆ ಪೂರ್ವದಲ್ಲಿವೆ, ನಡುವೆ ಗೋರಿ ನದಿಯ ಕಣಿವೆ. ಬೆಳಿಗ್ಗೆ ಸೂರ್ಯ ಶಿಖರಗಳ ಬೆನ್ನ ಹಿಂದಿನಿಂದ ಬರುತ್ತಾನೆ, ನಮ್ಮ ಕಡೆಯ ಮುಖ ನೆರಳಲ್ಲಿರುತ್ತದೆ. ಸಂಜೆ ಪಶ್ಚಿಮದ ಬಿಸಿಲು ನೇರವಾಗಿ ಹಿಮದ ಮೇಲೆ ಬೀಳುತ್ತದೆ. ಇಳಿ ಬಿಸಿಲು ತುಂಬಾ ದೂರ ಗಾಳಿಯನ್ನು ದಾಟಿ ಬರಬೇಕು, ದಾರಿಯಲ್ಲಿ ನೀಲಿ ಚೆದುರಿಹೋಗುತ್ತದೆ, ಕೆಂಪು ಉಳಿಯುತ್ತದೆ. ಬಿಳಿ ಹಿಮ ಮೊದಲು ಹಳದಿ ಆಗುತ್ತದೆ, ಆಮೇಲೆ ಕಿತ್ತಳೆ, ಕೊನೆಗೆ ಕೆಂಡದ ಹಾಗೆ. ಪಾಂಡವರು ಸ್ವರ್ಗಕ್ಕೆ ಹೊರಟಾಗ ದ್ರೌಪದಿ ಕೊನೆಯ ಅಡುಗೆ ಮಾಡಿದ ಐದು ಒಲೆಗಳು ಇವು ಅಂತ ಅಲ್ಲಿಯ ಜನ ಹೇಳುತ್ತಾರೆ. ಆ ಹೊತ್ತಿನಲ್ಲಿ ನೋಡಿದವರಿಗೆ ಕಥೆ ಎಲ್ಲಿಂದ ಹುಟ್ಟಿತು ಅಂತ ಯಾರೂ ವಿವರಿಸಬೇಕಾಗಿಲ್ಲ.

ಇನ್ನೊಂದು ಗಮನಿಸಿ. ಬಜಾರಿನಲ್ಲಿ ದೀಪ ಹಚ್ಚಿ ಆಗಿರುತ್ತದೆ, ಊರು ಪೂರ್ತಿ ಕತ್ತಲಲ್ಲಿರುತ್ತದೆ, ಮೇಲೆ ಶಿಖರ ಮಾತ್ರ ಇನ್ನೂ ಉರಿಯುತ್ತಿರುತ್ತದೆ. ಐದರಲ್ಲಿ ಎತ್ತರದ್ದು 6,904 ಮೀಟರ್. ನೀವು ನಿಂತಿರುವ ಜಾಗಕ್ಕಿಂತ ನಾಲ್ಕೂವರೆ ಕಿಲೋಮೀಟರಿಗಿಂತ ಜಾಸ್ತಿ ಮೇಲೆ. ನಿಮಗೆ ಮುಳುಗಿದ ಸೂರ್ಯ ಅದಕ್ಕೆ ಇನ್ನೂ ಮುಳುಗಿಲ್ಲ. ಭೂಮಿ ದುಂಡಗಿದೆ ಅಂತ ನಾನು ಎಷ್ಟು ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದ್ದೇನೋ, ಅಲ್ಲಿ ಸುಮ್ನೆ ನಿಂತಿದ್ದರೆ ಸಾಕು. ಆದರೆ ಮೋಡ ಇದ್ದರೆ ಇದು ಯಾವುದೂ ಕಾಣುವುದಿಲ್ಲ. ಒಂದೇ ಸಂಜೆ ಇಟ್ಟುಕೊಂಡು ಹೋದವರು ಮೋಡ ನೋಡಿ ವಾಪಸ್ ಬರುತ್ತಾರೆ. ಅದಕ್ಕೇ ಉಳಿಯಿರಿ ಅಂತ ಹೇಳುವುದು.

ಈಗ ನಡೆಯುವ ವಿಷಯ. ಇದಕ್ಕೆ ಒಬ್ಬ ಮನುಷ್ಯನ ಕಥೆ ಹೇಳಲೇಬೇಕು, ಸ್ವಲ್ಪ ಹೊತ್ತು ಹಿಡಿಯುತ್ತದೆ.

ಮುನ್ಸಿಯಾರಿಯಿಂದ ಗೋರಿ ನದಿಯ ಜೊತೆಗೇ ಮೇಲೆ ಹೋದರೆ ಜೋಹಾರ್ ಕಣಿವೆ. ಅದರ ತುದಿಯಲ್ಲಿ ಮಿಲಮ್ ಅನ್ನುವ ಹಳ್ಳಿ. ನೈನ್ ಸಿಂಗ್ ರಾವತ್ ಹುಟ್ಟಿದ್ದು ಈ ಕಣಿವೆಯಲ್ಲಿ, 1830ರಲ್ಲಿ. ಮಿಲಮ್ಮಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಅದಕ್ಕೇ ಅವರಿಗೆ ಪಂಡಿತ್ ಅನ್ನುವ ಹೆಸರು. ಆಗ ಟಿಬೆಟ್ಟಿನ ಒಳಗೆ ಯುರೋಪಿನವರಿಗೆ ಪ್ರವೇಶ ಇರಲಿಲ್ಲ. ಬ್ರಿಟಿಷರ ಸರ್ವೆ ಇಲಾಖೆಗೆ ಅಲ್ಲಿಯ ನಕ್ಷೆ ಬೇಕಿತ್ತು. ಹಿಮಾಲಯದ ಜನರನ್ನೇ ತಯಾರು ಮಾಡಿ ಕಳಿಸೋಣ ಅಂತ ಮಾಂಟ್ಗೊಮರಿ ಅನ್ನುವ ಅಧಿಕಾರಿ ಯೋಚಿಸಿದ. 1863ರಲ್ಲಿ ನೈನ್ ಸಿಂಗ್ ಮತ್ತು ಅವರ ಬಂಧು ಮಾನಿ ಸಿಂಗ್ ಡೆಹರಾಡೂನಿಗೆ ತರಬೇತಿಗೆ ಹೋದರು.

ಏನು ಕಲಿಸಿದರು ಗೊತ್ತಾ? ನಡೆಯುವುದನ್ನು. ಹತ್ತುವಾಗ, ಇಳಿಯುವಾಗ, ಸಮತಟ್ಟಿನಲ್ಲಿ, ಎಲ್ಲೇ ಆದರೂ ಹೆಜ್ಜೆ ಒಂದೇ ಉದ್ದ ಇರಬೇಕು. ಎರಡು ಸಾವಿರ ಹೆಜ್ಜೆಗೆ ಒಂದು ಮೈಲಿ. ಎಣಿಸುವುದಕ್ಕೆ ಜಪಮಾಲೆ. ಜಪಮಾಲೆಯಲ್ಲಿ 108 ಮಣಿ ಇರುತ್ತವೆ ಅಲ್ವಾ, ಇವರದರಲ್ಲಿ 100 ಮಾತ್ರ. ನೂರು ಹೆಜ್ಜೆಗೆ ಒಂದು ಮಣಿ ಜಾರಿಸಿದರೆ ಒಂದು ಸುತ್ತಿಗೆ ಹತ್ತು ಸಾವಿರ ಹೆಜ್ಜೆ, ಅಂದರೆ ಐದು ಮೈಲಿ. ಕೈಯಲ್ಲಿ ತಿರುಗಿಸುವ ಪ್ರಾರ್ಥನಾ ಚಕ್ರದ ಒಳಗೆ ಮಂತ್ರದ ಬದಲು ಅಳತೆ ಬರೆಯುವ ಕಾಗದ. ಪೆಟ್ಟಿಗೆಯ ಕಳ್ಳ ತಳದಲ್ಲಿ ನಕ್ಷತ್ರದ ಎತ್ತರ ಅಳೆಯುವ ಸಾಧನ. ಯಾರಾದರೂ ಹತ್ತಿರ ಬಂದರೆ ಮಂತ್ರ ಗೊಣಗುತ್ತಾ ಚಕ್ರ ತಿರುಗಿಸುವುದು, ಜಪ ಮಾಡುವವನನ್ನು ಯಾರೂ ಮಾತಾಡಿಸುವುದಿಲ್ಲ.

1865ರಲ್ಲಿ ವ್ಯಾಪಾರಿಯ ವೇಷದಲ್ಲಿ ನೇಪಾಳದ ಮೂಲಕ ಹೊರಟರು. 1866ರ ಜನವರಿಯಲ್ಲಿ ಟಿಬೆಟ್ಟಿನ ರಾಜಧಾನಿ ಲಾಸಾ ತಲುಪಿದರು. ಮಾನಸ ಸರೋವರದ ಕಡೆಯಿಂದ ವಾಪಸ್ ಬಂದರು. ದಾರಿಯುದ್ದಕ್ಕೂ ಹೆಜ್ಜೆ ಎಣಿಸುತ್ತಲೇ! ಲಾಸಾ ನಕ್ಷೆಯಲ್ಲಿ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ ಅಂತ ಹೊರಗಿನ ಜಗತ್ತಿಗೆ ಸರಿಯಾಗಿ ಗೊತ್ತಾಗಿದ್ದು ಒಬ್ಬ ಹಳ್ಳಿ ಮೇಷ್ಟ್ರ ಕಾಲಿನಿಂದ. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ 1877ರಲ್ಲಿ ಅವರಿಗೆ ಚಿನ್ನದ ಪದಕ ಕೊಟ್ಟಿತು. ನಮ್ಮ ಅಂಚೆ ಇಲಾಖೆ 2004ರಲ್ಲಿ ಅವರ ಅಂಚೆಚೀಟಿ ತಂದಿತು. ಆದರೂ ನಮ್ಮ ಮಕ್ಕಳಿಗೆ ಅವರ ಹೆಸರು ಗೊತ್ತಿಲ್ಲ. ನನಗೆ ಇದು ಸಹಿಸಲಾಗದ ವಿಷಯ.

ಒಂದು ಸಲ ಹೋಗುವಾಗ ನಾವು ಒಂದು ಜಪಮಾಲೆ ತೆಗೆದುಕೊಂಡು ಹೋದೆವು. ಹುಡುಗರು ರಾತ್ರಿ ಕೋಣೆಯಲ್ಲಿ ಕೂತು ಎಂಟು ಮಣಿ ತೆಗೆದು ಮತ್ತೆ ಪೋಣಿಸಿದರು. ಬೆಳಿಗ್ಗೆ ಬಜಾರಿನಿಂದ ನಂದಾದೇವಿ ಗುಡಿಯ ಕಡೆ ಹೊರಟೆವು. ಮೂರು ಕಿಲೋಮೀಟರಿನಷ್ಟು ದಾರಿ. ಒಬ್ಬರು ಮಾಲೆ ಹಿಡಿದು ಎಣಿಸುವುದು, ಉಳಿದವರು ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಎಣಿಸುವುದು ಅಂತ ನಿಯಮ. ನೈನ್ ಸಿಂಗರ ಹೆಜ್ಜೆ ಸುಮಾರು 80 ಸೆಂಟಿಮೀಟರ್. ಆ ಲೆಕ್ಕಕ್ಕೆ 37 ಮಣಿ ಜಾರಬೇಕು. ಗುಡಿ ಮುಟ್ಟಿದಾಗ ಒಬ್ಬೊಬ್ಬರದು ಒಂದೊಂದು ಲೆಕ್ಕ! ಉದ್ದ ಕಾಲಿನ ಹುಡುಗನದು ಕಡಿಮೆ, ಚಿಕ್ಕ ಹುಡುಗಿಯದು ಎಷ್ಟೋ ಜಾಸ್ತಿ. ಏರಿನಲ್ಲಿ ಎಲ್ಲರ ಹೆಜ್ಜೆಯೂ ಗಿಡ್ಡ ಆಗಿತ್ತು, ಇಳಿಜಾರಿನಲ್ಲಿ ಉದ್ದ ಆಗಿತ್ತು. ಹೆಜ್ಜೆಯನ್ನು ಒಂದೇ ಅಳತೆಗೆ ಹಿಡಿದಿಡುವುದು ಎಂಥ ಸಾಧನೆ ಅಂತ ಆ ಮಕ್ಕಳ ಕಾಲಿಗೆ ತಿಳಿಯಿತು. ಪುಸ್ತಕದಲ್ಲಿ ಓದಿದ್ದರೆ ತಲೆಗೆ ಮಾತ್ರ ತಿಳಿಯುತ್ತಿತ್ತು.

ವಾಪಸ್ ಬರುವಾಗ ಒಂದು ಮನೆಯ ಮುಂದೆ ಬಿಸಿಲಿಗೆ ಕೂತಿದ್ದ ಅಜ್ಜಿ ನಮ್ಮನ್ನು ನಿಲ್ಲಿಸಿದರು. ಅಲ್ಲಿ ಅಜ್ಜಿಯನ್ನು ಆಮಾ ಅಂತ ಕರೆಯುತ್ತಾರೆ. ಮಾಲೆ ಹಿಡಿದ ಹುಡುಗಿಯನ್ನು ನೋಡಿ, ಯಾವ ದೇವರ ಜಪ ಮಗಳೇ ಅಂತ ಹಿಂದಿಯಲ್ಲಿ ಕೇಳಿದರು. ಜಪ ಅಲ್ಲ ಆಮಾ, ನೈನ್ ಸಿಂಗರ ಹಾಗೆ ಹೆಜ್ಜೆ ಎಣಿಸುತ್ತಿದ್ದೇವೆ ಅಂದಳು ಅವಳು. ಅಷ್ಟೇ! ಒಳಗಿನಿಂದ ಚಾಪೆ ಬಂತು, ಚಹಾ ಬಂತು. ಅವರ ತವರಿನವರು ಮಿಲಮ್ ಕಡೆಯವರು. ಸಣ್ಣ ಹುಡುಗಿಯಾಗಿದ್ದಾಗ ಬೇಸಿಗೆಯಲ್ಲಿ ಮೇಲೆ, ಚಳಿಗಾಲಕ್ಕೆ ಕೆಳಗೆ, ಇಡೀ ಕುಟುಂಬ ನಡೆದೇ ಓಡಾಡುತ್ತಿತ್ತಂತೆ. ಮಿಲಮ್, ಬುರ್ಫು, ಮಾರ್ತೋಲಿ, ರಿಲ್ಕೋಟ್, ಬುಗ್ಡಿಯಾರ್, ಲಿಲಮ್, ಮುನ್ಸಿಯಾರಿ ಅಂತ ದಾರಿಯ ಊರುಗಳನ್ನು ಬೆರಳು ಮಡಚುತ್ತಾ ಒಂದೇ ಉಸಿರಿಗೆ ಹೇಳಿದರು. ಎಲ್ಲಿ ನೀರು ಸಿಗುತ್ತದೆ, ಎಲ್ಲಿ ಕಲ್ಲು ಉರುಳುತ್ತದೆ, ಎಲ್ಲಿ ಬೇಗ ದಾಟಬೇಕು, ಎಲ್ಲವೂ ಬಾಯಲ್ಲೇ. ಗಂಡಸರು ಇನ್ನೂ ಮುಂದೆ, ಊಂಟಾ ಧುರಾ ಕಣಿವೆದಾರಿ ದಾಟಿ ಟಿಬೆಟ್ಟಿಗೆ ಹೋಗುತ್ತಿದ್ದರು. ಇಲ್ಲಿಂದ ಧಾನ್ಯ, ಬೆಲ್ಲ, ಬಟ್ಟೆ. ಅಲ್ಲಿಂದ ಉಪ್ಪು, ಉಣ್ಣೆ, ಬಿಳಿಗಾರ. ಹೊರುತ್ತಿದ್ದುದು ಕುರಿ ಮತ್ತು ಮೇಕೆಗಳು, ಒಂದೊಂದರ ಬೆನ್ನಿಗೂ ಎರಡು ಪುಟ್ಟ ಚೀಲ. 1962ರ ಯುದ್ಧ ಬಂತು, ದಾರಿ ಮುಚ್ಚಿತು. ಆಮೇಲೆ ಮೇಕೆಗಳನ್ನು ಏನು ಮಾಡಿದಿರಿ ಅಂತ ನಮ್ಮ ಹುಡುಗ ಕೇಳಿದ. ಮಾರಿದರು ಅಂದರು. ನಮ್ಮ ಮನೆಯ ಮುಂದಾಳು ಮೇಕೆಗೆ ಗಂಟೆ ಕಟ್ಟುತ್ತಿದ್ದೆವು, ಅದನ್ನು ಮಾತ್ರ ಅಪ್ಪ ಮಾರಲಿಲ್ಲ ಅಂದರು.

ಈ ಆಮಾ ಯಾವ ಟೂರಿಸ್ಟ್ ಪಟ್ಟಿಯಲ್ಲಿಯೂ ಇಲ್ಲ. ಗಾಡಿಯಲ್ಲಿ ಹೋಗಿದ್ದರೆ ಗುಡಿ ನೋಡಿ ಅರ್ಧ ಗಂಟೆಯಲ್ಲಿ ವಾಪಸ್ ಬರುತ್ತಿದ್ದೆವು. ಗಾಡಿ ಯಾರ ಅಂಗಳದ ಮುಂದೆಯೂ ನಿಲ್ಲುವುದಿಲ್ಲ. ಮತ್ತೆ ಹೇಳುತ್ತೇನೆ, ನಡೆಯಿರಿ.

ನಮ್ಮ ವಿದ್ಯಾರ್ಥಿಗಳು ಅಷ್ಟಕ್ಕೇ ಬಿಡಲಿಲ್ಲ. ನೈನ್ ಸಿಂಗ್ ಎತ್ತರ ಅಳೆದದ್ದು ಹೇಗೆ ಅಂತ ಶುರು ಮಾಡಿದರು. ಅವರ ಬಳಿ ಥರ್ಮಾಮೀಟರ್ ಇತ್ತು. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿ ಇಳಿಯುತ್ತದೆ ಅಂತ ಇಟ್ಟುಕೊಳ್ಳಿ. ನಾವು ಉಳಿದಿದ್ದ ಮನೆಯ ದೀದಿ ಅಡುಗೆಮನೆ ಬಿಟ್ಟುಕೊಟ್ಟರು, ಕುದಿಯುವ ನೀರಿಗೆ ಲ್ಯಾಬಿನ ಥರ್ಮಾಮೀಟರ್ ಇಳಿಬಿಟ್ಟೆವು. 93 ಡಿಗ್ರಿ! ಏಳು ಡಿಗ್ರಿ ಕಡಿಮೆ, ಏಳು ಮುನ್ನೂರಲೆ 2,100 ಮೀಟರ್. ಹೆಚ್ಚುಕಡಿಮೆ ಸರಿ ಬಂತು ನೋಡಿ. ದೀದಿ ನಕ್ಕು, ಅದಕ್ಕೇ ನಮ್ಮ ರಾಜ್ಮಾ ಬೇಯಲು ಇಷ್ಟು ಹೊತ್ತು ಅಂದರು. ಸರಿಯಾಗಿಯೇ ಹೇಳಿದರು.

ರಾಜ್ಮಾ ಅಂದ ಮೇಲೆ ಊಟದ ಮಾತು ಬಂತು, ಆದರೆ ಸಮಯ ಓಡುತ್ತಿದೆ, ಎದುರಿನ ಗಾಜಿನ ಆಚೆ ಕೈ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಮುನ್ಸಿಯಾರಿಯ ರಾಜ್ಮಾಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ತಿನ್ನದೆ ಬರಬೇಡಿ. ಅದಕ್ಕೆ ಗಂದ್ರಾಯಣಿ ಅನ್ನುವ ಬೇರು ಹಾಕುತ್ತಾರೆ, ಬೇಳೆಗೆ ಜಂಬು ಅನ್ನುವ ಒಣ ಎಲೆಯ ಒಗ್ಗರಣೆ. ರಾಗಿ ರೊಟ್ಟಿ ಅಲ್ಲಿಯೂ ಸಿಗುತ್ತದೆ, ತುಪ್ಪ ಬೆಲ್ಲದ ಜೊತೆ ಕೇಳಿ ಹಾಕಿಸಿಕೊಳ್ಳಿ. ದರಕೋಟ್ ಹಳ್ಳಿಗೆ ನಡೆದು ಹೋಗಿ, ಕೆತ್ತನೆಯ ಹಳೆಯ ಬಾಗಿಲುಗಳಿವೆ, ಹೆಂಗಸರು ಉಣ್ಣೆಯಲ್ಲಿ ಶಾಲು ಮತ್ತು ಥುಲ್ಮಾ ಅನ್ನುವ ದಪ್ಪ ಕಂಬಳಿ ನೇಯುತ್ತಾರೆ. ಕೊಳ್ಳುವುದಾದರೆ ಅವರ ಕೈಯಿಂದಲೇ ಕೊಳ್ಳಿ, ಚೌಕಾಸಿ ಮಾಡಬೇಡಿ. ಊರಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಸ್ವಂತ ಆಸಕ್ತಿಯಿಂದ ಕಟ್ಟಿದ ಬುಡಕಟ್ಟು ಸಂಗ್ರಹಾಲಯ ಇದೆ, ಹಳೆಯ ವ್ಯಾಪಾರದ ಕಾಲದ ವಸ್ತುಗಳನ್ನು ಅಲ್ಲಿ ನೋಡಿ. ಬರುವ ದಾರಿಯಲ್ಲಿ ಬಿರ್ಥಿ ಜಲಪಾತ, ಆಮೇಲೆ ಕಾಲಾಮುನಿ ಅನ್ನುವ ಏರು, ಅಲ್ಲಿ ಗಾಡಿ ನಿಲ್ಲಿಸಿ. ಕಾಲು ಗಟ್ಟಿ ಇರುವವರು ಖಲಿಯಾ ಟಾಪ್ ಹತ್ತಿ, 3,500 ಮೀಟರ್, ಆದರೆ ಊರಿಗೆ ಬಂದ ಮರುದಿನವೇ ಬೇಡ.

ಯಾವಾಗ ಹೋಗಬೇಕು? ಅಕ್ಟೋಬರ್, ನವೆಂಬರ್. ಆಕಾಶ ಶುಭ್ರ. ಮಾರ್ಚ್ ಏಪ್ರಿಲ್‌ನಲ್ಲಿ ಕಾಡೆಲ್ಲ ಬುರಾಂಶ್ ಹೂವಿನಿಂದ ಕೆಂಪಾಗಿರುತ್ತದೆ, ಅದೂ ಚೆಂದ. ಜುಲೈ ಆಗಸ್ಟ್ ಬೇಡವೇ ಬೇಡ, ಗುಡ್ಡ ಕುಸಿದು ರಸ್ತೆ ಮುಚ್ಚುತ್ತದೆ. ಕಾಠಗೋದಾಮಿನ ಪಕ್ಕದ ಹಲ್ದ್ವಾನಿಯಿಂದ ಹೊರಡುವ ಜೀಪು ಬೆಳಗಿನ ಜಾವವೇ ಹಿಡಿಯಿರಿ, ಕತ್ತಲಾದ ಮೇಲೆ ಬೆಟ್ಟದ ರಸ್ತೆಯಲ್ಲಿ ಓಡಾಡಬೇಡಿ. ಕೈಯಲ್ಲಿ ನಗದು ಇಟ್ಟುಕೊಳ್ಳಿ. ಹಳೆಯ, ಕಾಲಿಗೆ ಒಗ್ಗಿದ ಬೂಟು ಹಾಕಿಕೊಳ್ಳಿ, ಹೊಸದು ಕಾಲು ಕಚ್ಚುತ್ತದೆ. ಮಕ್ಕಳಿದ್ದರೆ ನೂರು ಮಣಿಯ ಒಂದು ಮಾಲೆ ಕೊಟ್ಟು ನಡೆಸಿ, ಮೊಬೈಲ್ ಕೇಳುವುದಿಲ್ಲ.

ನಮಸ್ಕಾರ.