ಜಗಲಿಗೆ ಬೀಗ ಬೇಡ

ಸಾಹುಕಾರರೇ, ಅವರ ಮನೆಯವರೇ, ಹಮಾಲಿ ಅಣ್ಣಂದಿರೇ, ಬೆಲ್ಲ ಹಾಕೋಕೆ ಬಂದವರು ಹಾಗೇ ಇಲ್ಲಿ ಕೂತಿರುವ ರೈತ ಬಂಧುಗಳೇ,

ಬೆಲ್ಲದ ಮಂಡಿಯವರು ಹೊಸ ಕಟ್ಟಡ ಕಟ್ಟಿದ್ದಾರೆ ಅಂದಾಗ ಗೋದಾಮು ಇರಬೇಕು ಅಂದುಕೊಂಡಿದ್ದೆ. ಬೆಳಗ್ಗೆ ಬಂದು ಒಳಗೆಲ್ಲ ತಿರುಗಿದೆ. ಕೆಳಗೆ ದೊಡ್ಡ ಹಾಲು, ಗೋಡೆಯುದ್ದಕ್ಕೂ ಕಲ್ಲಿನ ಕಟ್ಟೆ. ಹಿಂದೆ ಹೆಂಗಸರಿಗೇ ಅಂತ ಬೇರೆ ಶೌಚಾಲಯ. ಮೇಲೆ ಮಕ್ಕಳು ಓದುವ ಕೋಣೆ. ಒಂದು ಮೂಟೆ ಬೆಲ್ಲ ಇಡೋಕೂ ಜಾಗ ಬಿಟ್ಟಿಲ್ಲ! ತುಂಬಾ ಖುಷಿಯಾಯಿತು. ಆದರೆ ಮುಂಬಾಗಿಲಲ್ಲಿ ಒಂದು ಹೊಸ ಬೀಗ ನೇತಾಡುತ್ತಿತ್ತು. ಅದನ್ನ ನೋಡಿದ ಮೇಲೆ ಒಂದು ಕಥೆ ಹೇಳಲೇಬೇಕು ಅನ್ನಿಸಿತು.

ನನಗಾಗ ಹತ್ತು ವರ್ಷ. ಬಸರಾಳು ಕಡೆಯ ನಮ್ಮೂರಿಂದ ಅಪ್ಪನ ಜೊತೆ ಎತ್ತಿನ ಗಾಡಿಯಲ್ಲಿ ಬೆಲ್ಲ ತುಂಬಿಕೊಂಡು ಹೊರಟೆ. ಗಾಡಿ ಕೆಳಗೆ ಲಾಟೀನು. ಅರ್ಧ ದಾರಿಗೆ ಮಳೆ ಹಿಡಿಯಿತು. ಬೆಲ್ಲಕ್ಕೂ ಮಳೆಗೂ ಆಗೋದಿಲ್ಲ ಅಂತ ನಿಮಗೆ ನಾನು ಹೇಳಬೇಕಾ? ಥಂಡಿ ಹತ್ತಿದರೆ ಅಚ್ಚು ಬೆವರುತ್ತೆ. ಬೆಳಗ್ಗೆ ಹರಾಜಿನಲ್ಲಿ ಕೂಗೋರೇ ಇರೋದಿಲ್ಲ. ಅಪ್ಪ ಕಂಬಳಿ ತೆಗೆದು ಬೆಲ್ಲಕ್ಕೆ ಹೊದಿಸಿದ. ನನ್ನನ್ನೂ ಅದರೊಳಗೇ ತೂರಿಸಿದ. ತಾನು ನೆನೆದುಕೊಂಡೇ ಎತ್ತು ಹೊಡೆದ.

ಮಂಡ್ಯ ಸೇರಿದಾಗ ನಡುರಾತ್ರಿ. ಒಂದು ಅಂಗಡಿ ಮುಂದೆ ಗಾಡಿ ನಿಲ್ಲಿಸಿದರೆ ಒಳಗಿಂದಲೇ ಗದರಿದರು. ಮುಂದೆ ಬಂದೆವು. ಈ ಮಂಡಿಯ ಜಗಲಿ ಮೇಲೆ ದೊಡ್ಡ ಸಾಹುಕಾರರು ಮಲಗಿದ್ದರು. ಎದ್ದು ಲಾಟೀನು ಎತ್ತಿ ಅಪ್ಪನ ಮುಖ ನೋಡಿದರು.

“ಯಾವೂರಪ್ಪ?”

ಅಪ್ಪ ಊರು ಹೇಳಿದ.

“ಹೋದ ಸಲ ಪಕ್ಕದ ಮಂಡಿಗೆ ಹಾಕಿದ್ರಿ, ಅಲ್ವಾ?”

ಅಪ್ಪನಿಗೆ ಮಾತೇ ಹೊರಡಲಿಲ್ಲ. ಮುಂಗಡ ಯಾರ ಹತ್ತಿರ ತಗೊಂಡಿದ್ದರೋ ಅವರಿಗೇ ಬೆಲ್ಲ ಹಾಕಬೇಕು. ಈ ಸಲವೂ ಪಕ್ಕದ ಮಂಡಿಗೇ ಹೋಗಬೇಕಿತ್ತು.

“ಇರ್ಲಿ, ಮೊದಲು ಮಗೂನ ಒಳಕ್ಕೆ ಕರ್ಕೊಂಡು ಬಾ” ಅಂದರು.

ತಮ್ಮ ಮೂಟೆಗಳನ್ನ ಸರಿಸಿ ನಮ್ಮ ಬೆಲ್ಲಕ್ಕೆ ಜಾಗ ಮಾಡಿದರು. ಬೆಳಗ್ಗೆ ಎದ್ದು ಅದೇ ಬೆಲ್ಲವನ್ನ ಪಕ್ಕದ ಮಂಡಿಗೆ ಹೊರಿಸೋಕೆ ತಮ್ಮ ಹಮಾಲಿಯನ್ನೇ ಕಳಿಸಿದರು. ಒಂದು ಕಾಸಿನ ದಲ್ಲಾಳಿಯೂ ಅವರಿಗೆ ಬರಲಿಲ್ಲ. ಅಪ್ಪ ಸಾಯುವ ತನಕ ಈ ಕಥೆ ಹೇಳುತ್ತಿದ್ದ.

ಆ ಜಗಲಿ ನಮ್ಮನ್ನ ಗಿರಾಕಿ ಹೌದಾ ಅಲ್ವಾ ಅಂತ ಕೇಳಲಿಲ್ಲ. ಇವತ್ತು ಪೇಟೆಯಲ್ಲಿ ಕೂರಬೇಕು ಅಂದರೆ ಕಾಫಿ ಕುಡಿಯಬೇಕು. ಅದಕ್ಕೇ ಆ ಬೀಗ ನೋಡಿ ಸಂಕಟವಾಯಿತು.

ಹೆಂಗಸರ ವಿಷಯ ಹೇಳುತ್ತೇನೆ. ತಾಲ್ಲೂಕು ಕಚೇರಿ ಕೆಲಸ, ಆಸ್ಪತ್ರೆ ಅಂತ ಹಳ್ಳಿಯಿಂದ ಬರುವ ನಮ್ಮ ಅಕ್ಕತಂಗಿಯರು ಆ ದಿನ ಬೆಳಗ್ಗೆಯಿಂದ ನೀರನ್ನೇ ಕುಡಿಯೋದಿಲ್ಲ. ಯಾಕೆ ಅಂತ ಇಲ್ಲಿರುವ ತಾಯಂದಿರಿಗೆ ಗೊತ್ತು. ನಮ್ಮಕ್ಕನೂ ಹಾಗೇ ಮಾಡುತ್ತಿದ್ದಳು. ಬಿಸಿಲಲ್ಲಿ ತಲೆ ಸುತ್ತಿ ಬಸ್ ನಿಲ್ದಾಣದಲ್ಲಿ ಕುಸಿದಳು. ಆ ಶೌಚಾಲಯದ ಬಾಗಿಲು ತೆರೆದಿದ್ದರೆ ಅವರು ಹೊಟ್ಟೆ ತುಂಬ ನೀರು ಕುಡಿದು ಮನೆಯಿಂದ ಹೊರಡುತ್ತಾರೆ.

“ಬಂದವರು ಗಲೀಜು ಮಾಡ್ತಾರೆ” ಅಂತ ಯಾರೋ ಆಗಲೇ ಅಂದರು. ಮಾಡಬಹುದು. ಅದಕ್ಕೆ ಸರಿಯಾದ ಸಂಬಳ ಕೊಟ್ಟು ಒಬ್ಬರನ್ನ ಇಟ್ಟುಕೊಳ್ಳಿ. ಬೀಗ ಹಾಕಿದರೆ ಕಟ್ಟಡ ಶುದ್ಧವಾಗಿರುತ್ತೆ, ನಿಜ. ಯಾರಿಗೆ ಬಂತು ಆ ಶುದ್ಧ?

ನಮ್ಮ ಮಂಡ್ಯದ ಚರಿತ್ರೆ ಹೇಳಬೇಕು ಅಂತ ಬರೆದುಕೊಂಡು ಬಂದಿದ್ದೆ. ಕನ್ನಂಬಾಡಿ ಕಟ್ಟೆ ಕೆಲಸ 1911ರಲ್ಲಿ ಶುರುವಾಯಿತು. ಆಮೇಲೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂತು, ಕಬ್ಬು ಬಂತು. 1933ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆ ನೋಡಿಕೊಂಡಿದ್ದ ಕೋಲ್ಮನ್ ಸಾಹೇಬರ ಮುತುವರ್ಜಿಯಿಂದ ಸಕ್ಕರೆ ಕಾರ್ಖಾನೆ ಆಯಿತು. ಅದರಲ್ಲಿ ರೈತರೂ ಷೇರುದಾರರು. 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು. ಎಲ್ಲರದೂ ಆದ ನೀರಿನಿಂದ ಬೆಳೆದ ಊರು ಇದು. ಎಲ್ಲರೂ ಕೂರುವ ಕಟ್ಟೆ ಈ ಊರಿಗೆ ಹೊಸದಲ್ಲ.

ಚೀಟಿ ಬಂತು. ಊಟ ಆರುತ್ತಿದೆಯಂತೆ.

ಬೆಲ್ಲ ಬೆಳ್ಳಗಾಗಲಿ ಅಂತ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕುವ ವಿಷಯ ಮಾತಾಡಬೇಕಿತ್ತು. ಬೆಳ್ಳಗಿರುವ ಬೆಲ್ಲಕ್ಕೇ ಜಾಸ್ತಿ ಬೆಲೆ ಕೂಗಿದರೆ ಆಲೆಮನೆಯವನು ಇನ್ನೇನು ಮಾಡ್ತಾನೆ? ಬೆಂಡೆ ಗಿಡದ ಲೋಳೆ ಹಾಕಿ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಕೊಳೆ ತೆಗೆಯೋದು ನಮ್ಮ ಹಿರಿಯರಿಗೆ ಗೊತ್ತಿತ್ತು. ಕೊಳ್ಳುವವರು, ಬೇಯಿಸುವವರು ಇಬ್ಬರೂ ಒಂದು ದಿನ ಈ ಕಟ್ಟೆ ಮೇಲೇ ಕೂತು ಅದನ್ನ ಮಾತಾಡಿ. ಓದುವ ಕೋಣೆಗೆ ಪುಸ್ತಕ ನಾನು ಕೊಡುತ್ತೇನೆ. ನಾಳೆ ಹುಡುಗರನ್ನ ಮನೆಗೆ ಕಳಿಸಿ.

ಸಾಹುಕಾರರೇ, ಅಲ್ಲಿ ತಟ್ಟೆಯಲ್ಲಿ ನನಗೆ ಅಂತ ಶಾಲು, ಹಣ್ಣು ಇಟ್ಟಿದ್ದೀರಿ. ಶಾಲು ನಿಮ್ಮ ಹಿರಿಯ ಹಮಾಲಿಗೆ ಹೊದಿಸಿ. ಹಣ್ಣು ಮಕ್ಕಳಿಗೆ ಹಂಚಿ. ನನಗೆ ಆ ಬೀಗ ಕೊಡಿ, ಕೀಲಿ ಸಮೇತ. ಚೀಲ ತಂದಿದ್ದೇನೆ.