ಹೋಗುವಾಗ ಎಂಟು ಗಂಟೆ, ಬರುವಾಗ ಏಳು

ಕೇಳುಗರೇ, ನಮಸ್ಕಾರ.

ಲಂಡನ್‌ನಿಂದ ನ್ಯೂಯಾರ್ಕ್‌ಗೆ ಆಕಾಶದ ದಾರಿ ಸುಮಾರು 5,550 ಕಿಲೋಮೀಟರ್. ಹೋಗುವಾಗ ಹೆಚ್ಚುಕಡಿಮೆ ಎಂಟು ಗಂಟೆ ಹಿಡಿಯುತ್ತದೆ. ವಾಪಸ್ ಬರುವಾಗ ಏಳೇ ಗಂಟೆ. ದೂರ ಅಷ್ಟೇ ಇದೆ. ಮತ್ತೆ ಆ ಒಂದು ಗಂಟೆ ಉಳಿದದ್ದು ಹೇಗೆ?

ಭೂಮಿ ಪೂರ್ವಕ್ಕೆ ತಿರುಗುತ್ತದೆ, ಹಾಗಾಗಿ ಪಶ್ಚಿಮಕ್ಕೆ ಹೊರಟ ವಿಮಾನವೇ ಬೇಗ ಮುಟ್ಟಬೇಕಲ್ವಾ ಎಂದು ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆದರೆ ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ಗಾಳಿಯಲ್ಲಿ ತೇಲುವ ವಿಮಾನವೂ ತಿರುಗುತ್ತದೆ. ಅದರಿಂದ ಲಾಭ ಸಿಗುವುದಿಲ್ಲ.

ಲಾಭ ಕೊಡುವುದು ಗಾಳಿಯ ಹೊಳೆ. ನೆಲದಿಂದ ಸುಮಾರು ಹತ್ತು ಕಿಲೋಮೀಟರ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಈ ಹೊಳೆಗೆ ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ 1920ರ ದಶಕದಲ್ಲೇ ಬಲೂನು ಹಾರಿಸಿ ಇದನ್ನು ಅಳೆದಿದ್ದರು. ಎಲ್ಲ ದೇಶದವರಿಗೂ ತಿಳಿಯಲಿ ಎಂದು ಎಸ್ಪೆರಾಂಟೊ ಎಂಬ, ಜಗತ್ತಿಗೆಲ್ಲ ಒಂದೇ ಭಾಷೆ ಇರಲಿ ಎಂದು ಕಟ್ಟಿದ ಭಾಷೆಯಲ್ಲಿ ವರದಿ ಬರೆದರು. ಆ ಭಾಷೆ ಬಲ್ಲವರೇ ಕಡಿಮೆ. ಅಷ್ಟು ಒಳ್ಳೆಯ ಕೆಲಸ ವರ್ಷಗಟ್ಟಲೆ ಹೊರದೇಶದವರ ಕಣ್ಣಿಗೆ ಹೆಚ್ಚಾಗಿ ಬೀಳಲಿಲ್ಲ. ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆ ಹೊಳೆಯ ಸೆಳೆತ ಎಷ್ಟು ಗೊತ್ತೇ? 2020ರ ಫೆಬ್ರವರಿಯಲ್ಲಿ, ಬಿರುಗಾಳಿಯ ದಿನ, ನ್ಯೂಯಾರ್ಕ್‌ನಿಂದ ಹೊರಟ ವಿಮಾನವೊಂದು ಐದು ಗಂಟೆಯೊಳಗೇ ಲಂಡನ್ ಮುಟ್ಟಿತು.

ಹೋಗುವಾಗ ಕಳೆದದ್ದು ಬರುವಾಗ ಸಿಕ್ಕಿತಲ್ಲ, ಲೆಕ್ಕ ಸರಿಹೋಯಿತು ಅನ್ನಿಸಬಹುದು. ಇಲ್ಲ. ಊರುಗಳ ನಡುವೆ 3,600 ಕಿಲೋಮೀಟರ್, ವಿಮಾನದ ವೇಗ ಗಂಟೆಗೆ 900 ಎಂದುಕೊಳ್ಳಿ. ಗಾಳಿ ಇಲ್ಲದಿದ್ದರೆ ಹೋಗಿಬರಲು ಎಂಟು ಗಂಟೆ. ಈಗ ನೂರು ಕಿಲೋಮೀಟರ್ ವೇಗದ ಗಾಳಿ ಸೇರಿಸಿ. ಎದುರುಗಾಳಿಯಲ್ಲಿ ನಾಲ್ಕೂವರೆ ಗಂಟೆ, ಹಿಂಗಾಳಿಯಲ್ಲಿ ಮೂರು ಗಂಟೆ ಮೂವತ್ತಾರು ನಿಮಿಷ. ಕೂಡಿದರೆ ಆರು ನಿಮಿಷ ಜಾಸ್ತಿಯೇ! ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೇವೆ, ಅದಕ್ಕೇ.

ಇನ್ನು ದೂರ. ಅದನ್ನು ಗೋಡೆಯ ನಕ್ಷೆಯ ಮೇಲೆ ಅಳೆಯಬೇಡಿ. ಗ್ಲೋಬ್ ತಗೊಂಡು ಲಂಡನ್‌ನಿಂದ ಲಾಸ್ ಏಂಜಲೀಸ್‌ಗೆ ದಾರ ಬಿಗಿಯಾಗಿ ಎಳೆಯಿರಿ. ದಾರ ಗ್ರೀನ್‌ಲ್ಯಾಂಡ್ ಮೇಲೆ ಹಾದುಹೋಗುತ್ತದೆ. ಚಪ್ಪಟೆ ನಕ್ಷೆಯಲ್ಲಿ ಸುಮ್ನೆ ಬಳಸಿ ಹೋದಂತೆ ಕಾಣುವ ಆ ದಾರಿಯೇ ಎಲ್ಲಕ್ಕಿಂತ ಹತ್ತಿರದ್ದು.

ಆದರೆ ಹತ್ತಿರದ ದಾರಿ ಯಾವಾಗಲೂ ತೆರೆದಿರುವುದಿಲ್ಲ. 2022ರಲ್ಲಿ ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿದಾಗ ಫಿನ್ಲೆಂಡಿನ ಹೆಲ್ಸಿಂಕಿಯಿಂದ ಟೋಕಿಯೊಗೆ ಹತ್ತು ಗಂಟೆಯೊಳಗಿದ್ದ ಪಯಣ ಹದಿಮೂರು ಗಂಟೆಯಾಯಿತು. ಕೆಲವು ವಿಮಾನಗಳು ಉತ್ತರ ಧ್ರುವದ ಮೇಲೆಯೇ ಹಾದುಹೋದವು.

ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ಮುಟ್ಟುವ ಹೊತ್ತು ಮುಟ್ಟುವ ಊರಿನದು. ಪಯಣ ಎಷ್ಟು ಗಂಟೆ ಎಂದು ತಿಳಿಯಲು ಒಂದರಿಂದ ಇನ್ನೊಂದನ್ನು ಸುಮ್ನೆ ಕಳೆದು ನೋಡಿದರೆ ಲೆಕ್ಕ ತಪ್ಪುತ್ತದೆ.

ಮುಂದಿನ ಸಲ ವಿಮಾನ ಹತ್ತಿದಾಗ ಸೀಟಿನ ಮುಂದೆ ಪರದೆ ಇದ್ದರೆ ವೇಗ ನೋಡಿ. ಗಂಟೆಗೆ ಸಾವಿರ ಕಿಲೋಮೀಟರ್ ದಾಟಿದೆಯಾ? ಹಾಗಿದ್ದರೆ ಓಯಿಶಿ ಅಳೆದಂಥ ಗಾಳಿಯೇ ನಿಮ್ಮನ್ನು ಹಿಂದಿನಿಂದ ತಳ್ಳುತ್ತಿದೆ.

ನಮಸ್ಕಾರ.